ಗೋಡೆಯಾಚೆಯ ಕೈ

“ಗುರುಗಳೇ, ಜಾತಿಯನ್ನು ನೋಡದೆ ತೀರ್ಪು ಕೊಡುವವನೇ ಅಲ್ಲವೇ ನ್ಯಾಯವಂತ?” ಎಂದು ಶಿಷ್ಯ ಕೇಳಿದ.

ಗುರು ಈ ಕತೆ ಹೇಳಿದ.

ಒಂದು ಊರು. ಕೆರೆಯ ನೀರು ಯಾವ ಕಡೆ ಹರಿಯಬೇಕೆಂದು ವರ್ಷಕ್ಕೊಮ್ಮೆ ಚಾವಡಿಯ ಅಂಗಳದಲ್ಲಿ ಕೈ ಎತ್ತಿ ತೀರ್ಮಾನಿಸುತ್ತಿದ್ದರು. ಕಂಡ ಕೈಗಳೆಲ್ಲ ಲೆಕ್ಕಕ್ಕೆ ಬರುತ್ತಿದ್ದವು. ಕೇರಿಯವರು ಮಾತ್ರ ಅಂಗಳದ ಗೋಡೆಯ ಹೊರಗೆ ನಿಲ್ಲಬೇಕು. ಅದು ಕಟ್ಟಳೆಯಲ್ಲ, ರೂಢಿ. ಅವರು ಎತ್ತಿದ ಕೈ ಒಳಗಿನವರಿಗೆ ಕಾಣುತ್ತಿರಲಿಲ್ಲ. ಗೋಡೆ ಕಟ್ಟಿಸಿದವರು ಅಳತೆ ತಪ್ಪಿರಲಿಲ್ಲ.

ತಮ್ಮ ಕೈಗಳನ್ನೂ ಎಣಿಸಿ ಎಂದು ಕೇರಿಯವರು ಕೇಳಿದರು. ಹೊಡೆತ ತಿಂದರು. ಮತ್ತೆ ಕೇಳಿದರು. ಕೊನೆಗೆ ಅರಸ, ಕೈ ಎತ್ತಿದರೆ ಒಳಗಿನವರಿಗೆ ಕಾಣುವಂತೆ, ಗೋಡೆಯ ಹೊರಗೆ ಅವರಿಗೊಂದು ಕಟ್ಟೆ ಕಟ್ಟಿಸಿಕೊಟ್ಟ. ಆ ವರ್ಷ ಕೇರಿಯವರೆಲ್ಲರ ಜೊತೆ ಒಬ್ಬ ಹೆಂಗಸೂ ಕಟ್ಟೆ ಹತ್ತಿ ಕೈ ಎತ್ತಿದಳು. ಎಣಿಸುವವನ ಬೆರಳು ಅವಳ ಕೈಯತ್ತ ಬಂದು, ಒಂದು ಗಳಿಗೆ ನಿಂತು, ಅದನ್ನೂ ಎಣಿಸಿ ಮುಂದೆ ಹೋಯಿತು. ಕಾಲುವೆ ಕೇರಿಯ ಕಡೆ ತಿರುಗಿತು. ನೀರು ಬಂದದ್ದಕ್ಕಿಂತ ಆ ಬೆರಳು ತನ್ನತ್ತ ಬಂದದ್ದೇ ಅವಳ ಮನಸ್ಸಿನಲ್ಲಿ ಉಳಿಯಿತು.

ಅರಸ ಸತ್ತ. ಊರಿನವರು ಕಟ್ಟೆಯನ್ನು ಒಡೆದುಹಾಕಿದರು. ಕಾಲುವೆ ಪಟೇಲನ ಗದ್ದೆಗಳ ಕಡೆ ತಿರುಗಿತು. ಹೆಂಗಸು ರಾಜಧಾನಿಯವರೆಗೆ ನಡೆದು, ದೊಡ್ಡ ನ್ಯಾಯಸ್ಥಾನದ ಮುಂದೆ ನಿಂತಳು.

“ಒಳಗೆ ಬರಬೇಡ ಅಂತ ನಿನಗೆ ಯಾರಮ್ಮ ಹೇಳಿದರು?” ಎಂದು ನ್ಯಾಯಾಧೀಶ ಕೇಳಿದ.

“ಯಾರೂ ಹೇಳೋದಿಲ್ಲ ಬುದ್ಧಿ. ಹೇಳಿದ್ರೆ ಅವರನ್ನೇ ಎಳ್ಕೊಂಡು ಬರ್ತಿದ್ದೆ. ಹೋದ ವರ್ಷ ಒಳಗೆ ಕಾಲಿಟ್ಟೋನ ಗುಡಿಸಲು ಸುಟ್ಟೋಯ್ತು. ಅದನ್ನ ಯಾರು ಸುಟ್ಟರು ಅಂತಲೂ ಯಾರೂ ಹೇಳ್ಲಿಲ್ಲ.”

ನ್ಯಾಯಾಧೀಶ ತೀರ್ಪು ಕೊಟ್ಟ: “ಕಂಡ ಕೈಯನ್ನೆಲ್ಲ ಎಣಿಸಬೇಕೆಂಬ ನಿಯಮದಲ್ಲಿ ಯಾವ ಜಾತಿಯ ಹೆಸರೂ ಇಲ್ಲ. ಒಂದು ಜಾತಿಗೆಂದೇ ಕಟ್ಟಿದ ಕಟ್ಟೆಯೇ ಭೇದಭಾವ. ಅದನ್ನು ಒಡೆದದ್ದು ಸರಿ.”

ಊರಿನಲ್ಲಿ ಮತ್ತೆ ಸಭೆ ಸೇರಿತು. ಹೆಂಗಸು ಗೋಡೆಯ ಹೊರಗೆ, ಕಟ್ಟೆ ಇದ್ದ ಜಾಗದಲ್ಲೇ, ತುದಿಗಾಲಿನಲ್ಲಿ ನಿಂತು ಕೈ ಎತ್ತಿದಳು. ಒಳಗೆ ಪಟೇಲ, “ನೀರು ಗದ್ದೆಗಳಿಗೇ ಹರಿಯಲಿ ಅಂತ ತೀರ್ಮಾನ. ಬೇಡ ಅನ್ನುವ ಕೈ ಒಂದೂ ಇಲ್ಲ” ಎಂದು ಸಾರಿದ. ಜನ ಎದ್ದು ಹೋದರು. ಆ ಬೆರಳು ಇನ್ನೊಮ್ಮೆ ಬಂದೀತೇನೋ ಎಂದು ಅವಳು ಕೈ ಇಳಿಸದೆ ನಿಂತೇ ಇದ್ದಳು.

ಗುರು ಕತೆ ನಿಲ್ಲಿಸಿದ.

“ಆಮೇಲೆ? ಅವಳು ಕೈ ಇಳಿಸಿದಳೇ?” ಎಂದು ಶಿಷ್ಯ ಕೇಳಿದ.

“ಅಂಗಳದಲ್ಲಿ ಕುಳಿತು ಕೇಳಬೇಡ, ಗೋಡೆಯ ಆಚೆ ಹೋಗಿ ನೋಡು.”