ಬೋಕಿಯಜ್ಜಿ ಮತ್ತು ಹಸಿ ಗಡಿಗೆ

ಬನ್ನಿ ಮಕ್ಕಳಾ, ಕಾಲು ಮಡಚಿ ಕೂತ್ಕೊಳ್ಳಿ, ಕಿವಿ ಇತ್ತ ಕೊಡಿ.

ಕುಂಬಾರ ದ್ಯಾವಣ್ಣ ಆವಿಗೆಯಲ್ಲಿ ಹಸಿ ಮಡಕೆಗಳನ್ನು ಸುಡಲು ಒಟ್ಟಿದ್ದ. ಬೆಂಕಿ ನೇರ ಬಡಿಯದಿರಲೆಂದು ಅವುಗಳ ಮೇಲೆ ಬೋಕಿ, ಅಂದರೆ ಒಡೆದ ಮಡಕೆಯ ಚೂರು, ಹೊದಿಸಿದ. ಮಸಿ ಹಿಡಿದ ಬೋಕಿಯಜ್ಜಿ ಒಬ್ಬಳು ದೊಡ್ಡ ಗಡಿಗೆಯ ತಲೆ ಮೇಲೆ ಕೂತಳು.

“ಥೂ, ಇಳಿಯೇ ಮುದುಕಿ! ನಾನು ಮದುವೆ ಮನೆಗೆ ಹೋಗೋಳು,” ಎಂದು ಗಡಿಗೆ ಮೈ ಕೊಡವಿದಳು.

“ನಾನು ಒಡೆದಿದ್ದೂ ಮದುವೆ ಮನೆಯಲ್ಲೇ ಕಣವ್ವ,” ಎನ್ನುತ್ತಾ ಅಜ್ಜಿ ಜಾರಿದಳು.

ಪಕ್ಕದ ಪುಟ್ಟ ಕುಡಿಕೆ ಕೂಗಿದಳು: “ಅಜ್ಜೀ, ನನಗೆ ಬೆಂಕಿ ಅಂದ್ರೆ ಭಯ. ನನ್ನ ಮೇಲೆ ಕೂತ್ಕೊ!”

“ಬಂದೆ ನನ್ನ ಬಂಗಾರ,” ಎಂದು ಅಜ್ಜಿ ಹಿಗ್ಗಿ ಅವಳನ್ನು ತಬ್ಬಿಕೊಂಡಳು.

ಬೆಂಕಿ ಬಿತ್ತು, ಗಾಳಿ ಎದ್ದಿತು. ಉರಿ ನೇರ ಬಡಿದು ಗಡಿಗೆ ಫಟ್ಟೆಂದು ಸೀಳಿಹೋದಳು. ಆವಿಗೆ ಬಿಚ್ಚಿದಾಗ ಕುಡಿಕೆ ಕೆಂಪಗೆ ಬೆಂದಿದ್ದಳು, ತಟ್ಟಿದರೆ ಠಣ್ ಎನ್ನುತ್ತಿದ್ದಳು.

“ಇನ್ನು ನನ್ನನ್ನ ಯಾರು ಕೇಳ್ತಾರೆ?” ಎಂದು ಗಡಿಗೆ ಅತ್ತಳು.

“ನಾನು ಕೇಳ್ತೀನಿ! ಮುಂದಿನ ಆವಿಗೆಗೆ ನನಗೂ ಒಬ್ಬಳು ಜೊತೆ ಬೇಕಿತ್ತು. ಬಾರೇ,” ಎಂದು ಅಜ್ಜಿ ನಕ್ಕಳು.

ಕುಡಿಕೆ ಮದುವೆ ಮನೆಯಲ್ಲಿ ಮೊಸರು ತುಂಬಿಕೊಂಡು ಮೆರೆದಳು. ಅಜ್ಜಿ ಆವಿಗೆ ಮೇಲೆಯೇ ಉಳಿದಳು. ಈಗ ತಾನೂ ಬೋಕಿಯಾದ ಗಡಿಗೆ ಅವಳ ಮಗ್ಗುಲಲ್ಲೇ ಕೂತು ಹಸಿ ಮಡಕೆಗಳನ್ನು ಕಾಯುತ್ತಾಳೆ. ಯಾವಳಾದರೂ “ಇಳಿಯೇ ಮುದುಕಿ” ಅಂದರೆ, ಮೊದಲು ನಗುವವಳು ಆ ಗಡಿಗೆಯೇ.