ಅಧ್ಯಾಪಕನ ಮುಖ

ಶಿಷ್ಯ ಕೇಳಿದ: "ಗುರುಗಳೇ, ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗಾಗಿ ಆನ್‌ಲೈನ್ ಪಾಠಗಳನ್ನು ಸಿದ್ಧಪಡಿಸುತ್ತಿದ್ದೇನೆ. ನೂರು ಜನರಲ್ಲಿ ಒಬ್ಬಿಬ್ಬರಿಗೆ ಬೇರೆ ಅನುಕೂಲ ಬೇಕಾಗಬಹುದು. ಅಂಥವರು ಬಂದು ಕೇಳಿದರೆ ಮಾಡಿಕೊಡುತ್ತೇನೆ. ಅಷ್ಟು ಸಾಲದೇ?"

ಗುರುಗಳು ಈ ಕತೆ ಹೇಳಿದರು.

ಒಬ್ಬ ಅಧ್ಯಾಪಕನಿದ್ದ. ಸಸ್ಯಶಾಸ್ತ್ರ ಕಲಿಸುತ್ತಿದ್ದ. ಕಾಲೇಜಿನ ಕೋಣೆಯಲ್ಲಿ ನಡೆಯುತ್ತಿದ್ದ ಪಾಠ ಒಂದು ವರ್ಷ ಆನ್‌ಲೈನ್ ಆಯಿತು. ಅವನು ಶ್ರದ್ಧೆಯುಳ್ಳವನು. ಎಲೆ, ಹೂವು, ಬೇರುಗಳ ಚಿತ್ರಗಳನ್ನು ಪರದೆಯ ತುಂಬ ಕಾಣುವಂತೆ ಜೋಡಿಸಿದ. ಸಸ್ಯಗಳ ಪಾಠದಲ್ಲಿ ತನ್ನ ಮುಖಕ್ಕೇನು ಕೆಲಸ ಎಂದುಕೊಂಡು ತನ್ನ ಕಡೆಯ ಕ್ಯಾಮೆರಾವನ್ನು ಮುಚ್ಚಿದ. ಪ್ರತಿ ತರಗತಿಯ ಮೊದಲು, "ನನ್ನ ಮಾತು ಕೇಳಿಸದವರು ಯಾರಾದರೂ ಇದ್ದರೆ ಹೇಳಿ" ಎನ್ನುತ್ತಿದ್ದ. ಯಾರೂ ಏನೂ ಹೇಳುತ್ತಿರಲಿಲ್ಲ. ಅವನು ಪಾಠ ಶುರುಮಾಡುತ್ತಿದ್ದ.

ಆ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಇದ್ದಳು. ಹಿಂದಿನ ವರ್ಷ ಮೊದಲ ಬೆಂಚಿನಲ್ಲಿ ಕೂತು ಎಲ್ಲರಿಗಿಂತ ಹೆಚ್ಚು ಅಂಕ ಪಡೆದವಳು. ಈ ವರ್ಷದ ಮೊದಲ ಪರೀಕ್ಷೆಯಲ್ಲಿ ಅವಳು ತೇರ್ಗಡೆಯಾಗಲಿಲ್ಲ. ಕೆಲವು ದಿನಗಳ ಮೇಲೆ, ಓದು ನಿಲ್ಲಿಸುತ್ತಿದ್ದೇನೆ ಎಂದು ಅಧ್ಯಾಪಕನಿಗೆ ಸಂದೇಶ ಕಳಿಸಿದಳು.

ಅಧ್ಯಾಪಕ ಫೋನ್ ಮಾಡಿದ. ಅವಳು ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದ. ಇಷ್ಟೊಂದು ಸೊಕ್ಕೇ ಎಂದು ಅವನಿಗೆ ಬೇಸರವಾಯಿತು. ಕೊನೆಗೆ ಅವಳ ತಂಗಿ ಫೋನ್ ಎತ್ತಿದಳು.

"ಸರ್, ಅಕ್ಕನಿಗೆ ಫೋನಿನಲ್ಲಿ ಮಾತು ಕೇಳಿಸೋದಿಲ್ಲ."

"ಹೋದ ವರ್ಷವೆಲ್ಲ ನನ್ನ ಪಾಠ ಕೇಳಿದ್ದಾಳಲ್ಲಮ್ಮ?"

"ಇಲ್ಲ ಸರ್. ನಿಮ್ಮ ತುಟಿ ನೋಡಿ ತಿಳ್ಕೊಂಡಿದ್ದು. ಈಗ ನೀವು ಕಾಣೋದೇ ಇಲ್ವಲ್ಲ. ವಿಡಿಯೊ ಕರೆ ಮಾಡಿ, ಮುಖ ತೋರಿಸಿ ಮಾತಾಡಿ."

ಅವನು ಹಾಗೇ ಮಾಡಿದ. ತೆರೆಯ ಮೇಲೆ ಅವಳು ಕಂಡಳು. ಮೊದಲೇ ಯಾಕೆ ಹೇಳಲಿಲ್ಲ ಎಂದು ನಿಧಾನವಾಗಿ ಕೇಳಿದ.

ಅವಳು ಹೇಳಿದಳು: "ಪ್ರೈಮರಿ ಶಾಲೆಯಿಂದಲೂ ನನಗೆ ಕಿವುಡಿ ಅಂತಲೇ ಹೆಸರು ಸರ್. ನಿಮ್ಮ ತರಗತಿಯಲ್ಲಿ ಒಂದು ವರ್ಷ ಬರೀ ವಿದ್ಯಾರ್ಥಿನಿಯಾಗಿದ್ದೆ. ಅದನ್ನ ಕಳ್ಕೊಳ್ಳೋದಕ್ಕಿಂತ ಓದು ಬಿಡೋದೇ ವಾಸಿ ಅನ್ನಿಸ್ತು."

ಅಧ್ಯಾಪಕ ಒಂದು ವಾರ ಸಮಯ ಕೊಡು ಎಂದ. ಅವಳು ಒಪ್ಪಿದಳು.

ಅವನು ಮೊದಲು ಬರೆದದ್ದು ಒಂದು ಪ್ರಕಟಣೆ: ಶ್ರವಣದೋಷವುಳ್ಳವರಿಗೆ ಪ್ರತ್ಯೇಕ ಪಾಠ. ಕಳಿಸುವ ಮುಂಚೆ ಅದನ್ನು ಓದಿ ನೋಡಿದ. ಅಳಿಸಿಹಾಕಿದ. ಆಮೇಲೆ ಪ್ರತಿ ಪಾಠದ ಮಾತುಗಳನ್ನೆಲ್ಲ ಚಿತ್ರಗಳ ಕೆಳಗೆ ತಾನೇ ಟೈಪ್ ಮಾಡಿದ. ಚಿತ್ರಗಳನ್ನು ಚಿಕ್ಕದು ಮಾಡಿ ಪಕ್ಕದಲ್ಲಿ ತನ್ನ ಮುಖಕ್ಕೆ ಜಾಗ ಬಿಟ್ಟ. ಬೆಳಕು ಮುಖದ ಮೇಲೆ ಬೀಳುವಂತೆ ಕಿಟಕಿಯ ಕಡೆ ತಿರುಗಿ ಕೂತ.

ಮುಂದಿನ ತರಗತಿಗೆ ಎಲ್ಲರೂ ಬಂದರು. ಅವಳೂ ಬಂದಳು. ಒಬ್ಬ ತುಂಟ ವಿದ್ಯಾರ್ಥಿ ಎಲ್ಲರಿಗೂ ಕಾಣುವಂತೆ ಸಂದೇಶ ಹಾಕಿದ: "ಸರ್, ಈ ಸಲ ನಿಮ್ಮ ಮುಖವೂ ಪರೀಕ್ಷೆಗೆ ಬರುತ್ತಾ?"

"ಬರುತ್ತಪ್ಪ. ಚಿತ್ರ ಬರೆದು ಭಾಗಗಳನ್ನು ಗುರುತಿಸಬೇಕು, ಈಗಲೇ ಸರಿಯಾಗಿ ನೋಡ್ಕೋ" ಎಂದ ಅಧ್ಯಾಪಕ.

ಎಲ್ಲರೂ ನಕ್ಕರು. ಅವಳೂ ನಕ್ಕಳು, ಎಲ್ಲರ ಜೊತೆಗೇ. ಆ ವರ್ಷ ಅವಳು ಓದು ಮುಗಿಸಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಇದನ್ನೆಲ್ಲ ಮಾಡಿದ್ದು ಅವಳಿಗಾಗಿ ಎಂದು ಉಳಿದವರಿಗೆ ಕೊನೆಗಾದರೂ ಗೊತ್ತಾಯಿತೇ?"

ಗುರುಗಳು ಹೇಳಿದರು: "ಇಲ್ಲ, ಪಾಠ ಅಷ್ಟು ಚೆನ್ನಾಗಿತ್ತು."