ತಿರುಮಲಯ್ಯನ ಗುಂಡು ಉಜ್ಜಿದ ಚಲುವ

ಕೂತ್ಕೊಳ್ಳಿ, ಹೇಳ್ತೀನಿ. ನಗೋರು ನಗ್ರಪ್ಪ, ನಡುವೆ ಬಾಯಿ ಮಾತ್ರ ಹಾಕಬೇಡಿ, ನನಗೆ ಸಿಟ್ಟು ಬರುತ್ತೆ.

ನಮ್ಮ ಮಿಲ್ ಕಾಲೊನಿಯಲ್ಲಿ ನಿಂಗಾಜಮ್ಮ ಅಂತ ಒಬ್ಬಳು. ಅವಳಿಗೆ ಒಬ್ಬನೇ ಮಗ, ಚಲುವ. ವಯಸ್ಸು ಇಪ್ಪತ್ತಾರು, ಬುದ್ಧಿ ಇನ್ನೂ ಅಂಬೆಗಾಲು. ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು, ಅದೇ ಅವನ ರೋಗ. "ಇವನನ್ನ ಕಟ್ಟಿಕೊಂಡು ಹೆಂಗಪ್ಪಾ ಬಾಳಲಿ" ಅಂತ ಅವಳು ಹಣೆ ಚಚ್ಚಿಕೊಳ್ಳೋಳು.

ಅವಳ ಗಂಡ ತಿರುಮಲಯ್ಯ, ಮಿಲ್ ಸಾಹೇಬರ ಕ್ಲಬ್ಬಿನಲ್ಲಿ ಕೆಲಸಕ್ಕಿದ್ದ. ಅಲ್ಲಿ ಬೌಲಿಂಗ್ ಅಂತ ಒಂದು ಆಟ, ಭಾರದ ಗುಂಡು ಉರುಳಿಸಿ ಗೂಟ ಕೆಡವೋದು. ಗೀರು ಬಿದ್ದ ಗುಂಡುಗಳನ್ನ ಉಜ್ಜಿ ಹೊಸದರ ಹಾಗೆ ಮಾಡೋದು ತಿರುಮಲಯ್ಯನ ಕೆಲಸ. ಕ್ಲಬ್ಬು ಮುಚ್ಚಿದಾಗ ಬೆರಳು ತೂರಿಸಿ ಹಿಡಿಯೋಕೆ ಅವನ ಅಳತೆಗೇ ಮೂರು ತೂತು ಕೊರೆಸಿ ಒಂದು ನೀಲಿ ಗುಂಡು ಕೊಟ್ಟು ಕಳಿಸಿದರು. ಅವನು ತೀರಿಕೊಂಡು ಮೂರು ವರ್ಷ. ನಿಂಗಾಜಮ್ಮ ದಿನಾ ಸಂಜೆ ಆ ಗುಂಡನ್ನು ಮಡಿಲಲ್ಲಿಟ್ಟುಕೊಂಡು, ಅವನ ಹೆಬ್ಬೆಟ್ಟಿನ ತೂತಿಗೆ ತನ್ನ ಬೆರಳು ಹಾಕಿ ಕೂರೋಳು.

ಮಹಾಲಯ ಅಮಾವಾಸ್ಯೆಗೆ ಎಂಟು ದಿನ ಇತ್ತು. ಸತ್ತೋರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟು, ಬಾಗಿಲು ಮುಚ್ಚಿ, ಅವರು ಬಂದು ಉಂಡು ಹೋಗಲಿ ಅಂತ ಹೊರಗೆ ಕೂರೋ ದಿನ ಅದು. ಎಡೆ ಪಕ್ಕ ಗುಂಡು ಇಡಬೇಕು, ಅವನು ಇಟ್ಟುಕೊಂಡಿದ್ದ ಹಾಗೇ ಫಳಫಳ ಅನ್ನಬೇಕು. ಅದೊಂದೇ ಅವಳ ಆಸೆ. ಅವಳ ಕೈಗೋ ವಾತ.

"ಚಲುವಾ, ಉಪ್ಪು ಕಾಗದ ತಗೊಂಡು ಗುಂಡು ಉಜ್ಜೋ."

"ಹೂಂ ಅವ್ವ."

ಉಪ್ಪು ಕಾಗದ ಅಂದರೆ ಬಡಗಿಗಳು ಮರ ಉಜ್ಜೋ ಕಾಗದ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಚಲುವ ಮನೆಯಲ್ಲಿದ್ದ ಉಪ್ಪನ್ನೆಲ್ಲ ಪೇಪರಿಗೆ ಸುರಿದುಕೊಂಡು ಉಜ್ಜಿದ. ಗುಂಡು ಬಿಳಿ ಬಿಳಿ, ಸಾರು ಸಪ್ಪೆ.

"ಅಯ್ಯೋ ಪೆದ್ದೇ, ಅಂಗಡಿಯಲ್ಲಿ ಸಿಗುತ್ತೆ ಕಣೋ ಅದು. ತಂದು, ಕೈಯಾಡಿಸಿ ನೋಡಿ, ಎಲ್ಲಿ ಒರಟು ತಾಗುತ್ತೋ ಅಲ್ಲಿ ಉಜ್ಜು."

"ಹೂಂ ಅವ್ವ."

ತಂದ. ಗುಂಡಿನ ಮೇಲೆ ಕೈಯಾಡಿಸಿದ, ಅಷ್ಟೇನೂ ಒರಟಿಲ್ಲ. ಗೋಡೆ ಮೇಲೆ ಆಡಿಸಿದ, ಹೊಸಿಲ ಮೇಲೆ ಆಡಿಸಿದ. ಮನೆಗೆಲ್ಲ ಒರಟು ಅಂದರೆ ಒರಳುಕಲ್ಲು. ಎರಡು ದಿನ ಕೂತು ಅದನ್ನೇ ಉಜ್ಜಿದ. ಚೆನ್ನಾಗಿ ರುಬ್ಬಲಿ ಅಂತ ಕಲ್ಲು ಕುಟ್ಟೋಳ ಕೈಲಿ ಅದನ್ನ ಒರಟಾಗಿ ಕುಟ್ಟಿಸಿ ಇನ್ನೂ ವಾರ ಆಗಿರಲಿಲ್ಲ. ಎಡೆಯ ವಡೆಗೆ ಆಗುತ್ತಾ ಅಂತ ನಿಂಗಾಜಮ್ಮ ಒಂದು ಹಿಡಿ ಉದ್ದು ನೆನೆಸಿ ರುಬ್ಬಿ ನೋಡಿದರೆ ಅದು ಇಡಿ ಇಡಿಯಾಗೇ ಜಾರಿ ಜಾರಿ ಮೇಲಕ್ಕೆ ಬಂತು.

"ನಿನ್ನ ಹೆತ್ತ ಹೊಟ್ಟೆಗೆ ಏನು ಹೇಳಲೋ. ಗುಂಡು ಕಣೋ, ನಿಮ್ಮಪ್ಪನ ಗುಂಡು, ಅದೊಂದೇ. ಒಂದು ಗೀರು ಕಾಣಬಾರದು, ಒಂದು ಕುಳಿ ಇರಬಾರದು."

"ಹೂಂ ಅವ್ವ."

ಈ ಸಲ ಜಾಣನಾದ, ಮುಂಡೇದು. ಒರಟು ಕಾಗದದಲ್ಲಿ ಉಜ್ಜಿದ, ನಯದ್ದರಲ್ಲಿ ನೀರು ಹಾಕಿ ಉಜ್ಜಿದ, ಅಪ್ಪನ ಡಬ್ಬಿಯಲ್ಲಿ ಉಳಿದಿದ್ದ ಪಾಲಿಶ್ ಬಳಿದು ಬಟ್ಟೆಯಲ್ಲಿ ತಿಕ್ಕಿದ. ಅಮಾವಾಸ್ಯೆ ದಿನ ಬೆಳಿಗ್ಗೆ ತಂದು ಅವ್ವನ ಮಡಿಲಲ್ಲಿಟ್ಟ. ಕನ್ನಡಿ ಇದ್ದ ಹಾಗಿತ್ತು. ನಿಂಗಾಜಮ್ಮನ ಕಣ್ಣಲ್ಲಿ ನೀರು ಬಂತು. ತಿರುಗಿಸಿದಳು. ಇನ್ನೊಂದು ಸಲ ತಿರುಗಿಸಿದಳು.

"ಚಲುವಾ, ತೂತು ಎಲ್ಲೋ?"

"ಮೂರು ಕುಳಿ ಇತ್ತಲ್ಲವ್ವ, ಬಡಗಿಗಳು ಮರದ ಬಿರುಕಿಗೆ ಮೆತ್ತೋ ಪುಟ್ಟಿ ತಂದು ತುಂಬಿಬಿಟ್ಟೆ. ಹುಡುಕು ನೋಡೋಣ, ಸಿಗಲ್ಲ."

ನಿಜವಾಗಿ ಸಿಗಲಿಲ್ಲ. ಪುಟ್ಟಿ ಕಲ್ಲಾಗಿತ್ತು. ಅವಳು ಬೆರಳಾಡಿಸಿದಳು, ಬೆರಳು ಜಾರಿತು. ಗುಂಡನ್ನ ಸೆರಗಲ್ಲಿ ಸುತ್ತಿಕೊಂಡು ಅಂದಳು: "ನಿಮ್ಮಪ್ಪನ ಕೈ ಅಂತ ನನಗೆ ಉಳಿದಿದ್ದದ್ದು ಆ ತೂತೊಂದೇ ಕಣೋ. ಇನ್ಮೇಲೆ ಕೇಳದೆ ಯಾವುದಕ್ಕೂ ಕೈ ಹಾಕಬೇಡ. ಕೇಳು. ಹೂಂ ಅಂದ ಮೇಲೇ ಮಾಡು."

"ಹೂಂ ಅವ್ವ."

ಮಧ್ಯಾಹ್ನ ಎಡೆ ಇಟ್ಟಳು. ವಡೆ ಇಲ್ಲ, ಪಾಯಸ ಇತ್ತು, ಕೋಳಿ ಸಾರು ಇತ್ತು. ಪಕ್ಕದಲ್ಲಿ ಗುಂಡು. ಬಾಗಿಲು ಮುಚ್ಚಿ ಹೊರಗೆ ಬಂದು ಕೂತಳು. ಪಕ್ಕದ ಮನೆಯವಳು ಅಂತ ಊಟಕ್ಕೆ ಕರೆದಿದ್ದಳಲ್ಲ, ನಾನೂ ಜಗಲಿ ಮೇಲೆ ಹಸಕೊಂಡು ಕೂತಿದ್ದೆ. ಒಂದಿಷ್ಟು ಹೊತ್ತಾದ ಮೇಲೆ, "ಹೋಗು ಚಲುವಾ, ತಟ್ಟಿ ಬಾಗಿಲು ತೆಗಿ" ಅಂದಳು.

ಚಲುವ ತಟ್ಟಿದ. "ಅಪ್ಪಾ, ತೆಗೀಲಾ?"

ಕಿವಿಯಿಟ್ಟ. ಮತ್ತೆ ತಟ್ಟಿದ. "ಅಪ್ಪಾ, ಉಂಡೆಯಾ? ತೆಗೀಲಾ?"

"ತೆಗಿಯೋ ಮಾರಾಯ, ಸಾರು ಆರುತ್ತೆ" ಅಂದೆ ನಾನು.

"ಅಪ್ಪ ಹೂಂ ಅಂದಿಲ್ಲ ಅತ್ತೆ. ಅವ್ವ ಹೇಳವಳೆ, ಹೂಂ ಅಂದ ಮೇಲೇ ಅಂತ."

ನಿಂಗಾಜಮ್ಮ ದಡಕ್ಕನೆ ಎದ್ದಳು. ಇವತ್ತು ಇವನಿಗೆ ಬಿತ್ತು ಅಂದುಕೊಂಡೆ. ಹೋದಳು, ಕೈ ಎತ್ತಿದಳು. ಎತ್ತಿದ ಕೈ ಹಾಗೇ ಬಾಗಿಲ ಮೇಲೆ ಇಳೀತು. ಮಗನ ಪಕ್ಕ ಅವಳೂ ಕಿವಿಯಿಟ್ಟು ನಿಂತಳು.

"ಇನ್ನೊಂದು ಸಲ ಕೇಳು ಚಲುವಾ" ಅಂದಳು. "ಸ್ವಲ್ಪ ಜೋರಾಗಿ ಕೇಳು. ಅವರಿಗೆ ಕಿವಿ ಮಂದ."